ನಮ್ಮ ಪಡಸಾಲೆಯಲ್ಲಿ ಹಾದುಹೋದ ರಸ್ತೆ

ಓಣಿಯ ನಟ್ಟನಡುವೆ ಟೇಪಿನ ತುದಿ ಹಿಡಿದು ನಾನು ನಿಂತಿದ್ದೆ. ಎಂಜಿನಿಯರ್ ಹುಡುಗ ಟೇಪು ಎಳೆದುಕೊಂಡು ನಮ್ಮ ಮನೆ ಕಡೆ ನಡೆದ. 9 ಅಡಿಗೆ ಗಟಾರ ಮುಗಿಯಿತು. ಕಟ್ಟೆ ಹತ್ತಿದ, 13 ಆಯಿತು. ಎರಡಡಿ ದಪ್ಪದ ಮಣ್ಣಿನ ಗೋಡೆ ದಾಟಿದ, 15. ಪಡಸಾಲೆಯೊಳಗೆ ಇನ್ನೂ 5 ಅಡಿ ಹೋಗಿ, ಸಾಗವಾನಿ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಚಾಕ್‌ಪೀಸಿನಿಂದ ನೆಲದ ಮೇಲೆ ಒಂದು ಗೆರೆ ಎಳೆದ.

“ಇಲ್ಲೀತನಕ ರಸ್ತೆ ಬರ್ತದ ನೋಡ್ರಿ ಸರ್,” ಅಂದ.

ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. “ಯಾವ ರಸ್ತೆನೋ ತಮ್ಮಾ? ಇದು ನಮ್ಮ ಪಡಸಾಲಿ ಅಲ್ಲೇನು?” ಅಂದಳು. ಅವನು ತಲೆ ಎತ್ತಲಿಲ್ಲ. ಗೆರೆಯನ್ನು ಇನ್ನೊಂದು ಸಲ ತಿದ್ದಿದ.

ಧಾರವಾಡದ ಹಳೇ ಊರಿನ ಒಂದು ಓಣಿಯಲ್ಲಿ ನಮ್ಮ ಮನೆ ಇದೆ. ಅಜ್ಜ ಕೊಂಡದ್ದು. 24 ಅಡಿ ಅಗಲ, 60 ಅಡಿ ಉದ್ದ. ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ಆ ಮನೆ ಕೆಡವಿ ಹೊಸದು ಕಟ್ಟಲು ಹೊರಟಾಗ ಏನೇನಾಯಿತು ಅಂತ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಹಳೇ ಓಣಿಗಳಲ್ಲಿ ಮನೆ ಇರುವ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ನಮಗೂ ಗೊತ್ತಿರಲಿಲ್ಲ.

ಶುರುವಾದದ್ದು ಮಳೆಯಿಂದ. 2019ರ ಆಗಸ್ಟ್‌ನ ಮಳೆ ಈ ಭಾಗದವರು ಯಾರೂ ಮರೆತಿಲ್ಲ. ಹಗಲು ರಾತ್ರಿ ಸುರಿಯಿತು. ಜಿಲ್ಲೆಯ ತುಂಬ ಮಣ್ಣಿನ ಮನೆಗಳು ಬಿದ್ದವು. ನಮ್ಮ ಹಿತ್ತಲ ಗೋಡೆ ನೀರು ಕುಡಿದು ಉಬ್ಬಿತು. ಮೂರನೇ ದಿನ ನಸುಕಿನಲ್ಲಿ ಧೊಪ್ಪನೆ ಕೂತುಬಿಟ್ಟಿತು. ಪುಣ್ಯಕ್ಕೆ ಆ ಕೋಣೆಯಲ್ಲಿ ಯಾರೂ ಮಲಗಿರಲಿಲ್ಲ. ತಗಡು ಹಾಕಿಕೊಂಡು ಎರಡು ಮಳೆಗಾಲ ಕಳೆದೆವು. ನಡುವೆ ಕೊರೋನಾ ಬಂತು. 2022ರ ಯುಗಾದಿ ಹೊತ್ತಿಗೆ ಅಪ್ಪ, “ಇನ್ನ ಇದನ್ನ ನಂಬಿ ಇರೂದು ಬ್ಯಾಡ, ಕಟ್ಟೇಬಿಡೂಣು,” ಅಂದರು.

ಕಟ್ಟಬೇಕು ಅಂದರೆ ಬ್ಯಾಂಕಿನ ಸಾಲ ಬೇಕು. ಸಾಲಕ್ಕೆ ಮಂಜೂರಾದ ನಕಾಶೆ ಬೇಕು. ನಕಾಶೆ ಮಂಜೂರಾಗಲು ಉತಾರ, ಅಂದರೆ ಜಾಗದ ಒಡೆತನದ ದಾಖಲೆ, ಸರಿ ಇರಬೇಕು. ನಮ್ಮ ಸಿಟಿ ಸರ್ವೆ ಉತಾರ ತೆಗೆಸಿದರೆ ಅದರಲ್ಲಿ ಇನ್ನೂ ಅಜ್ಜನ ಹೆಸರು! ಅಜ್ಜ ತೀರಿಕೊಂಡು 26 ವರ್ಷ ಆಗಿತ್ತು. ಯಾರೂ ವಾರಸಾ ಮಾಡಿಸಿರಲಿಲ್ಲ, ಅಂದರೆ ವಾರಸುದಾರರ ಹೆಸರು ಹಚ್ಚಿಸಿರಲಿಲ್ಲ. ಮನೆ ಪಟ್ಟಿ (ತೆರಿಗೆ) ಪ್ರತಿ ವರ್ಷ ಅಪ್ಪನೇ ತುಂಬುತ್ತಿದ್ದರು. ಅಷ್ಟಕ್ಕೇ ಎಲ್ಲ ಸರಿ ಇದೆ ಅಂದುಕೊಂಡಿದ್ದೆವು.

ಅಪ್ಪನಿಗೆ ಇಬ್ಬರು ತಮ್ಮಂದಿರು, ಒಬ್ಬ ತಂಗಿ. ಒಬ್ಬ ಕಾಕಾ ನಮ್ಮ ಜೊತೆಗೇ ಇದ್ದಾರೆ, ಇನ್ನೊಬ್ಬರು ಹುಬ್ಬಳ್ಳಿಯಲ್ಲಿ. ಅತ್ತೆ ಗದಗಿನಲ್ಲಿ. ಅಜ್ಜನ ಮರಣ ದಾಖಲೆ ಹುಡುಕಿಸುವುದು, ನಾಡಕಚೇರಿಯಿಂದ ವಂಶಾವಳಿ ತರುವುದು, ನಾಲ್ವರನ್ನೂ ಒಂದೇ ದಿನ ಒಂದೇ ಕಡೆ ಕೂಡಿಸಿ ಸಹಿ ಮಾಡಿಸುವುದು. ಹುಬ್ಬಳ್ಳಿ ಕಾಕಾ ಮತ್ತು ಅತ್ತೆ ಹಕ್ಕು ಬಿಟ್ಟ ಪತ್ರ ಮಾಡಿಕೊಟ್ಟರು. ಅತ್ತೆ ಸಹಿ ಹಾಕಿದ ಮೇಲೆ ಉಪನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತರು. “ನನಗ ಪಾಲು ಬ್ಯಾಡೋ, ಪಂಚಮಿಗೆ ಕರದರ ಸಾಕು,” ಅಂದರು. ಇವೆಲ್ಲ ಮುಗಿಯಲು ಎಂಟು ತಿಂಗಳು ಹಿಡಿಯಿತು. ಮನೆಯ ಹಿರಿಯರು ಹೋದ ವರ್ಷವೇ ವಾರಸಾ ಮಾಡಿಸಿಬಿಡಿ. ತಲೆಮಾರು ದಾಟಿದರೆ ಸಹಿಗಳ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ.

ಉತಾರದಲ್ಲಿ ನಮ್ಮ ಜಾಗ 160 ಚದರ ಗಜ ಅಂತ ಇತ್ತು. ಒಂದು ಚದರ ಗಜಕ್ಕೆ 9 ಚದರ ಅಡಿ. ಅಂದರೆ 1440 ಚದರ ಅಡಿ. 24ಕ್ಕೆ 60 ಸರಿಯಾಗಿ ಕೂಡುತ್ತದೆ. ಸರ್ವೆಯವರು ಬಂದು ಹದ್ದು (ಜಾಗದ ಗಡಿ) ತೋರಿಸಿದಾಗ ಅಪ್ಪನಿಗೆ ಬಹಳ ಸಮಾಧಾನ ಆಯಿತು. ಮುಂದಿನ ಕಟ್ಟೆ ಪೂರ್ತಿ ನಮ್ಮ ಹದ್ದಿನೊಳಗೇ ಇತ್ತು. ಹಳೇ ಓಣಿಗಳಲ್ಲಿ ಕಟ್ಟೆ ಎಂದರೆ ಜಗಳದ ಜಾಗ ಅಲ್ವಾ? ಎಷ್ಟೋ ಮನೆಗಳ ಕಟ್ಟೆ ರಸ್ತೆಗೆ ಬಂದಿರುತ್ತದೆ. ನಮ್ಮದು ಹಾಗಿರಲಿಲ್ಲ. ಅಜ್ಜ ಒಂದು ಇಂಚೂ ಹೊರಗೆ ಹೋಗಿರಲಿಲ್ಲ. ಹಾಗಿದ್ದ ಮೇಲೆ ಇನ್ನೇನು ತೊಂದರೆ ಅಂದುಕೊಂಡೆವು.

ಆಮೇಲೆ ಈ ಚಾಕ್‌ಪೀಸಿನ ಗೆರೆ.

ಎಂಜಿನಿಯರ್ ಹುಡುಗ ಒಳ್ಳೆಯವನು. ಕೂಡಿಸಿಕೊಂಡು ಬಿಡಿಸಿ ಹೇಳಿದ. ಓಣಿ ಈಗ ಇರುವುದು 18 ಅಡಿ. ಮಾಸ್ಟರ್ ಪ್ಲಾನಿನಲ್ಲಿ, ಅಂದರೆ ಊರು ಮುಂದೆ ಹೇಗೆ ಬೆಳೆಯಬೇಕು ಅಂತ ಮಾಡಿದ ಯೋಜನೆಯ ನಕಾಶೆಯಲ್ಲಿ, ಇದನ್ನು 40 ಅಡಿ ರಸ್ತೆ ಅಂತ ಗುರುತು ಮಾಡಿದ್ದಾರೆ. ಆದ್ದರಿಂದ ಈಗಿನ ರಸ್ತೆಯ ನಡುವಿನಿಂದ ಎರಡೂ ಕಡೆ 20 ಅಡಿ ಅಳೆಯಬೇಕು. ನಮ್ಮ ಕಡೆ 9 ಅಡಿ ಆಗಲೇ ಇದೆ. ಉಳಿದ 11 ಅಡಿ ನಮ್ಮ ಜಾಗದಲ್ಲಿ ಬರುತ್ತದೆ. ಅಲ್ಲಿಂದ ಮುಂದೆ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಮುಂದೆ ಖಾಲಿ ಬಿಡುವ ಜಾಗ, ಬೇರೆ ಬಿಡಬೇಕು. ಸೆಟ್‌ಬ್ಯಾಕ್ ಲೆಕ್ಕ ಶುರುವಾಗುವುದೇ ಆ ಹೊಸ ಗೆರೆಯಿಂದ.

11 ಅಡಿ ಉದ್ದ, 24 ಅಡಿ ಅಗಲ. 264 ಚದರ ಅಡಿ. ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಜಾಗ. ಅದರಲ್ಲಿ ಅಪ್ಪ ಸಂಜೆ ಕೂರುವ ಕಟ್ಟೆ ಇತ್ತು. ಕಾಕು (ಜೊತೆಗಿರುವ ಕಾಕಾನ ಹೆಂಡತಿ) ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಮಾರುವ ಪಡಸಾಲೆಯ ಮುಂಭಾಗ ಇತ್ತು. ಅವರ ಮನೆ ಖರ್ಚು ನಡೆಯುವುದೇ ಆ ರೊಟ್ಟಿಯಿಂದ.

ಮರುದಿನ ನಾನು ರಜೆ ಹಾಕಿ ಆ ಮಾಸ್ಟರ್ ಪ್ಲಾನಿನ ನಕಾಶೆ ನೋಡಲು ಹೋದೆ. ಗೋಡೆ ತುಂಬುವಷ್ಟು ದೊಡ್ಡ ಹಾಳೆ. ಮನೆಗಳಿರುವ ಪ್ರದೇಶಕ್ಕೆ ಹಳದಿ, ಅಂಗಡಿ ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು. ನಮ್ಮ ಓಣಿ ಹುಡುಕಲು ಇಪ್ಪತ್ತು ನಿಮಿಷ ಬೇಕಾಯಿತು. ಗುಡಿ, ಬಾವಿ, ಶಾಲೆ ಗುರುತು ಹಿಡಿದು ಹಿಡಿದು ಕೊನೆಗೆ ಸಿಕ್ಕಿತು. ಹಳದಿ ಬಣ್ಣದ ನಡುವೆ ಸಣ್ಣ ಗೆರೆ. ಬೆರಳಿಟ್ಟರೆ ಓಣಿ ಪೂರ್ತಿ ಮುಚ್ಚಿಹೋಗುತ್ತಿತ್ತು. ನಮ್ಮ ಮನೆ ಅದರಲ್ಲಿ ಒಂದು ಚುಕ್ಕೆಯಷ್ಟೂ ಇಲ್ಲ. ನಾವು ನಾಲ್ಕು ಜನ ಹುಟ್ಟಿ ಬೆಳೆದ ಮನೆ, ಅಜ್ಜಿಯ ಉಸಿರು ಹೋದ ಪಡಸಾಲೆ, ಆ ಗೆರೆಯ ದಪ್ಪದೊಳಗೆ ಸೇರಿಹೋಗಿತ್ತು.

“ಇದನ್ನ ಮಾಡುವಾಗ ನಮಗ ಯಾಕ ಹೇಳಲಿಲ್ರಿ?” ಅಂತ ಅಲ್ಲಿದ್ದವರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. “ಪ್ರಕಟಣೆ ಕೊಟ್ಟಿರ್ತದ ರೀ. ಆಕ್ಷೇಪಣೆ ಕೊಡಲಿಕ್ಕೆ ಟೈಮ್ ಇರ್ತದ. ಜನ ಬರಂಗಿಲ್ಲ,” ಅಂದರು.

ಅವರು ಹೇಳಿದ್ದು ನಿಜ. ಆಮೇಲೆ ನಾನು ಕಾಯ್ದೆ ಓದಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಅದರ 13ನೇ ಕಲಮಿನ ಪ್ರಕಾರ ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದ ಮೇಲೆ ಜನರಿಗೆ ಅಭಿಪ್ರಾಯ ಹೇಳಲು 60 ದಿನ ಸಮಯ ಇದೆ. ಕೇವಲ 60 ದಿನ. ಆ ಎರಡು ತಿಂಗಳಲ್ಲಿ ನಮ್ಮ ಓಣಿಯವರು ಒಬ್ಬರೂ ಆ ನಕಾಶೆ ನೋಡಿರಲಿಲ್ಲ. ಪೇಪರಿನ ಒಳಪುಟದ ಜಾಹೀರಾತು ಓದಿ, “ಇದು ನಮ್ಮ ಪಡಸಾಲೆ ವಿಷಯ” ಅಂತ ಯಾರಿಗೆ ಹೊಳೆಯಬೇಕು? ಓಣಿಯ ಗುಡಿ ಗೋಡೆಗೆ ಒಂದು ಹಾಳೆ ಹಚ್ಚಿದ್ದರೆ, “ನಿಮ್ಮ ಓಣಿ 40 ಅಡಿ ಆಗುತ್ತದೆ, ಏನಂತೀರಿ?” ಅಂತ ಒಂದು ಸಾಲು ಬರೆದಿದ್ದರೆ, ಮರುದಿನವೇ ಓಣಿಗೆ ಓಣಿಯೇ ಎದ್ದು ಬರುತ್ತಿತ್ತು. ಕಾನೂನಿನಲ್ಲಿ ಅವಕಾಶ ಇರುವುದು ಬೇರೆ, ಅದು ಜನರ ಕಿವಿಗೆ ಬೀಳುವುದು ಬೇರೆ. ನನಗೆ ಇಂದಿಗೂ ನೋಯುವುದು ಇದೊಂದೇ.

ರಸ್ತೆ ಅಗಲ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 2021ರ ಬೇಸಿಗೆಯಲ್ಲಿ ಪಕ್ಕದ ಮನೆಯ ಹಿರಿಯರಿಗೆ ಎದೆ ನೋವು ಬಂತು. ಆಂಬುಲೆನ್ಸ್ ಓಣಿಯ ಬಾಯಲ್ಲೇ ನಿಂತಿತು. ಎರಡೂ ಕಡೆ ಬೈಕು, ಒಂದು ಕಡೆ ಉಸುಕಿನ ಗುಡ್ಡೆ. ನಾನು, ಕಾಕಾ, ಇನ್ನಿಬ್ಬರು ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು. ಅವರು ಬದುಕಿದರು. ಆದರೆ ಆ ಎಂಟು ನಿಮಿಷ ನಾನು ಮರೆತಿಲ್ಲ. ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ನಮ್ಮ ಓಣಿಗೆ ಬರುವುದು ಸಾಧ್ಯವೇ ಇಲ್ಲ. ಕಟ್ಟಡಕ್ಕೆ ಎಷ್ಟು ಮಹಡಿ, ಎಷ್ಟು ಎಫ್‌ಎಆರ್ (ಜಾಗದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) ಅಂತ ನಿರ್ಧರಿಸುವಾಗ ಮುಂದಿನ ರಸ್ತೆಯ ಅಗಲ ನೋಡುವುದು ಇದೇ ಕಾರಣಕ್ಕೆ.

ನಿಯಮ ಯಾಕೆ ಬೇಕು ಅಂತ ಧಾರವಾಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. 19 ಜನ ಸತ್ತರು. ದಿನಗಟ್ಟಲೆ ಅವಶೇಷದ ಅಡಿಯಿಂದ ಜನರನ್ನು ತೆಗೆದರು. ಆ ವಾರ ಊರಲ್ಲಿ ಯಾರ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಹಾಗಾಗಿ “ಪರವಾನಗಿ ಗಿರವಾನಗಿ ಸುಮ್ನೆ, ಕಟ್ಟಿಬಿಡು” ಅನ್ನುವ ಮಾತು ನನಗೆ ಹಿಡಿಸುವುದಿಲ್ಲ.

ಆದರೆ ಎಲ್ಲರೂ ಅದನ್ನೇ ಹೇಳಿದರು. ಗೌಂಡಿ ಹೇಳಿದ, “ಮುಂದಿನ ಗ್ವಾಡಿ ಹಂಗ ಇಟ್ಟು ಹಿಂದ ಕೆಡವೂಣು. ರಿಪೇರಿ ಅಂತ ಹೇಳ್ರಿ. ಸ್ಲ್ಯಾಬ್ ಬಿದ್ದ ಮ್ಯಾಲ ಯಾರ ಏನ ಮಾಡ್ತಾರ?” ಪರಿಚಯದ ಒಬ್ಬರು, “ಅಕ್ರಮ-ಸಕ್ರಮದಾಗ ಮುಂದ ಸರಿ ಆಗ್ತದ ಬಿಡ್ರಿ,” ಅಂದರು. ಅದನ್ನೂ ವಿಚಾರಿಸಿದೆ. ಮನೆಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆ ಅದು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಮರು ತಿಂಗಳೇ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನು ನಂಬಿ ಕೂತವರು ಕೂತೇ ಇದ್ದರು. ಅಪ್ಪ ಬೇಡ ಅಂದರು. “ನಮ್ಮಪ್ಪ ಕಟ್ಟಿ ಕಟ್ಟಿಸಿದಾಗ ಒಂದ ಇಂಚು ಹೊರಗ ಹೋಗಲಿಲ್ಲ. ನಾನು ಯಾಕ ಕದ್ದು ಕಟ್ಟಲಿ?” ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಹಾಗಾದರೆ ಜಾಗಕ್ಕೆ ಪರಿಹಾರ ಸಿಗುತ್ತದಾ? ನನ್ನ ತಲೆಯಲ್ಲಿ ಇದ್ದದ್ದು ಬಿಆರ್‌ಟಿಎಸ್, ಅಂದರೆ ಬಸ್ಸಿಗೇ ಬೇರೆ ದಾರಿ ಮಾಡಿದ ಯೋಜನೆ. ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸಿಗಾಗಿ ರಸ್ತೆ ಅಗಲ ಮಾಡಿದಾಗ ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಕಟ್ಟಡಗಳ ಮುಂಭಾಗ ಕತ್ತರಿಸಿ ಒಳಗಿನ ಬಣ್ಣದ ಗೋಡೆ, ದೇವರ ಮಾಡ ಎಲ್ಲ ರಸ್ತೆಗೆ ಕಾಣುತ್ತಿದ್ದವು. ಆದರೆ ಅದು ಭೂಸ್ವಾಧೀನ. ಸರ್ಕಾರ ತಾನೇ ಬಂದು ಜಾಗ ಕೇಳಿತು, ಪರಿಹಾರದ ಲೆಕ್ಕ ಆಯಿತು. ನಮ್ಮದು ಹಾಗಲ್ಲ. ರಸ್ತೆ ಕೆಲಸ ಶುರುವಾಗಿಲ್ಲ. ಯಾವಾಗ ಆಗುತ್ತದೆ ಅಂತ ಯಾರೂ ಹೇಳುವುದಿಲ್ಲ. ನಾವೇ ಮನೆ ಕಟ್ಟಲು ಅನುಮತಿ ಕೇಳಲು ಹೋಗಿದ್ದೇವೆ. ಆದ್ದರಿಂದ ಆ ಜಾಗ ಬಿಟ್ಟು ಕಟ್ಟಿ ಅನ್ನುತ್ತಾರೆ, ಅಷ್ಟೇ. ಹಳೇ ಮನೆಯಲ್ಲೇ ಇರುವವರ ಪಡಸಾಲೆ ಹಾಗೇ ಇರುತ್ತದೆ. ಗೋಡೆ ಬಿದ್ದವರ ಪಡಸಾಲೆ ಮೊದಲು ಹೋಗುತ್ತದೆ.

ಟಿಡಿಆರ್ ಬಗ್ಗೆಯೂ ಕೇಳಿದೆ. ರಸ್ತೆಗೆ ಜಾಗ ಕೊಟ್ಟರೆ ದುಡ್ಡಿನ ಬದಲು ಕಟ್ಟುವ ಹಕ್ಕಿನ ಪತ್ರ ಸಿಗುತ್ತದೆ, ಅದನ್ನು ನಾವೇ ಬಳಸಬಹುದು ಅಥವಾ ಮಾರಬಹುದು. ಇದೇ ಕಾಯ್ದೆಯ 14-ಬಿ ಕಲಂ ಅದಕ್ಕಾಗಿಯೇ ಇದೆ. ಆದರೆ ಅಗಲೀಕರಣದ ಕೆಲಸವೇ ಕೈಗೆತ್ತಿಕೊಂಡಿಲ್ಲದ ಓಣಿಯಲ್ಲಿ ಜಾಗ ಯಾರಿಗೆ ಹಸ್ತಾಂತರಿಸುವುದು ಅಂತ ಮರುಪ್ರಶ್ನೆ ಬಂತು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಅಪ್ಪನ ಗೆಳೆಯರ ಮಗಳು, ವಕೀಲೆ, ಒಂದು ಸಂಜೆ ಮನೆಗೆ ಬಂದು ಕಾಯ್ದೆಯ 69ನೇ ಕಲಂ ತೋರಿಸಿದರು. ಮಾಸ್ಟರ್ ಪ್ಲಾನಿನಲ್ಲಿ ರಸ್ತೆಗೋ ಉದ್ಯಾನಕ್ಕೋ ಅಂತ ಗುರುತು ಮಾಡಿದ ಖಾಸಗಿ ಜಾಗವನ್ನು ಐದು ವರ್ಷದೊಳಗೆ ಸ್ವಾಧೀನ ಮಾಡಿಕೊಳ್ಳದಿದ್ದರೆ, ಅದರ ಪ್ರಕ್ರಿಯೆಯನ್ನೂ ಶುರು ಮಾಡದಿದ್ದರೆ, ಆ ಗುರುತು ರದ್ದಾದಂತೆ. ನನಗೆ ಖುಷಿಯಾಯಿತು. ಆದರೆ ಅವರು ಮುಂದಿನದ್ದನ್ನೂ ಹೇಳಿದರು. “ಅಣ್ಣಾ, ಕಾಗದದಾಗ ರದ್ದಾಗ್ತದ. ನಕಾಶೆ ಮ್ಯಾಲಿನ ಗೆರಿ ತಾನಾಗೇ ಅಳಸಂಗಿಲ್ಲ. ಅದನ್ನ ಹೇಳಸ್ಲಿಕ್ಕೆ ಕೋರ್ಟಿಗೇ ಹೋಗಬೇಕಾಗ್ತದ. ಮತ್ತ ಹತ್ತು ವರ್ಷಕ್ಕೊಮ್ಮೆ ಪ್ಲಾನ್ ಪರಿಷ್ಕರಣ ಮಾಡಬೇಕು ಅಂತ 13-ಡಿ ಹೇಳ್ತದ. ಹೊಸ ಪ್ಲಾನಿನಾಗ ಅದೇ ಗೆರಿ ಮತ್ತ ಬರಬಹುದು.”

ಅಪ್ಪನಿಗೆ ಆಗ 71. ತಗಡಿನ ಕೆಳಗೆ ಇನ್ನೊಂದು ಮಳೆಗಾಲ ಬೇಡ ಅಂತ ನಾವು ಜಾಗ ಬಿಟ್ಟು ಕಟ್ಟುವುದೇ ಸರಿ ಅಂದುಕೊಂಡೆವು.

ಈಗ ಹೇಳುವ ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಅರ್ಜಿ ಜೊತೆ ಒಂದು ಅಫಿಡವಿಟ್ ಕೊಡಬೇಕಿತ್ತು. ರಸ್ತೆ ಅಗಲ ಮಾಡುವಾಗ ಅಡ್ಡಿ ಮಾಡುವುದಿಲ್ಲ ಅಂತ. ಟೈಪ್ ಮಾಡುವವರ ಹತ್ತಿರ ಅದರ ನಮೂನೆ ಸಿದ್ಧವಾಗಿಯೇ ಇರುತ್ತದೆ. ಹೆಸರು, ಸಿಟಿಎಸ್ (ಸಿಟಿ ಸರ್ವೆ) ನಂಬರ್ ಹೇಳಿದರೆ ಸಾಕು, ಐದು ನಿಮಿಷದಲ್ಲಿ 100 ರೂಪಾಯಿ ಸ್ಟ್ಯಾಂಪ್ ಪೇಪರ್ ಮೇಲೆ ಇಳಿಸಿ ಕೊಡುತ್ತಾರೆ. ಅಪ್ಪ ಪೆನ್ನು ತೆಗೆದೇಬಿಟ್ಟಿದ್ದರು. ನಾನು ಫೋಟೋ ತೆಗೆದು ವಕೀಲೆಗೆ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್ ಬಂತು. “ಸಹಿ ಮಾಡಬ್ಯಾಡ್ರಿ! ನಾಲ್ಕನೇ ಸಾಲು ಓದ್ರಿ.”

ನಾಲ್ಕನೇ ಸಾಲಿನಲ್ಲಿ “ಉಚಿತವಾಗಿ ಹಾಗೂ ಸ್ವಇಚ್ಛೆಯಿಂದ ಬಿಟ್ಟುಕೊಡುತ್ತೇನೆ” ಅಂತ ಇತ್ತು.

ಉಚಿತವಾಗಿ. ಆ ಒಂದು ಪದ. ಅದಕ್ಕೆ ಸಹಿ ಬಿದ್ದಿದ್ದರೆ ನಾಳೆ ನಿಜವಾಗಿ ರಸ್ತೆ ಬಂದಾಗ ಓಣಿಯ ಉಳಿದವರಿಗೆ ಪರಿಹಾರ ಬಂದರೂ ನಮಗೆ ಕೇಳಲು ಬಾಯಿ ಇರುತ್ತಿರಲಿಲ್ಲ. ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಅಂತ ಸಂವಿಧಾನದ 300-ಎ ವಿಧಿ ಹೇಳುತ್ತದೆ. ಅಂಥ ಹಕ್ಕನ್ನು ನಾವೇ ಟೈಪಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತು ಬರೆದುಕೊಡುತ್ತಿದ್ದೆವು. ವಕೀಲೆ ಬೇರೆ ಸಾಲು ಬರೆಸಿದರು: ಆ ಜಾಗದಲ್ಲಿ ಏನೂ ಕಟ್ಟುವುದಿಲ್ಲ, ಅಗಲೀಕರಣ ಆದಾಗ ಕಾನೂನು ಪ್ರಕಾರ ಸಿಗುವ ಪರಿಹಾರಕ್ಕೆ ಒಳಪಟ್ಟು ಬಿಟ್ಟುಕೊಡುತ್ತೇವೆ.

ಕಚೇರಿಯಲ್ಲಿ ಮೊದಲು ಒಪ್ಪಲಿಲ್ಲ. “ನಮೂನೆ ಬಿಟ್ಟು ಬರಿಯಂಗಿಲ್ಲ” ಅಂದರು. ವಕೀಲೆ ಒಂದು ಪುಟದ ಪತ್ರ ಬರೆದುಕೊಟ್ಟರು. ನಾನು ಅದನ್ನು ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸಿಕ್ಕಾ ಹಾಕಿಸಿಕೊಂಡೆ. ಒಂಬತ್ತು ದಿನ ಕಡತ ಅಲ್ಲಾಡಲಿಲ್ಲ. ಹತ್ತನೇ ದಿನ ನಾವು ಬರೆದ ಹಾಗೇ ಒಪ್ಪಿಕೊಂಡರು. ಅವರಿಗೆ ನಮ್ಮ ಮೇಲೆ ಹಗೆ ಏನೂ ಇರಲಿಲ್ಲ. ಆ ಸಾಲನ್ನು ಅಷ್ಟು ವರ್ಷ ಯಾರೂ ಪ್ರಶ್ನೆ ಮಾಡಿರಲಿಲ್ಲ, ಅಷ್ಟೇ.

ಉಳಿದದ್ದು ಬೇಗ ಮುಗಿಯಿತು. ನಕಾಶೆ ಆನ್‌ಲೈನ್ ಹಾಕಿದರು. ಎರಡು ಸಲ ಅಳತೆ ತಪ್ಪು ಅಂತ ವಾಪಸ್ ಬಂತು. ಸ್ಥಳ ತನಿಖೆ ಆಯಿತು. ಶುಲ್ಕ ಕಟ್ಟಿದೆವು. ಕಟ್ಟಡ ಕಾರ್ಮಿಕರ ಕಲ್ಯಾಣದ ಶೇ. 1ರ ಸೆಸ್ ಕೂಡ ಕಟ್ಟಿದೆವು. 2023ರ ದಸರಾ ಹೊತ್ತಿಗೆ ಮಂಜೂರಾತಿ ಬಂತು.

ಮನೆ ಕೆಡವುವ ದಿನ ಅವ್ವ ಹೊರಗೆ ಬರಲಿಲ್ಲ. ಪಕ್ಕದ ಮನೆಯ ಅಡುಗೆಮನೆಯಲ್ಲಿ ಕೂತಿದ್ದಳು. ಪಡಸಾಲೆಯ ಕಂಬ ಇಳಿಸುವಾಗ ಮಾತ್ರ ಬಂದು, ಅದರ ಬುಡ ಮುಟ್ಟಿ ಹೋದಳು. ಚಾಕ್‌ಪೀಸಿನ ಗೆರೆಯ ಮೇಲೆ ಅವಳು ಅಷ್ಟು ತಿಂಗಳು ಸಾರಿಸಿದ್ದಳು, ಒರೆಸಿದ್ದಳು. ಆದರೂ ಆ ಗೆರೆ ಎಲ್ಲಿತ್ತು ಅಂತ ನಮಗೆಲ್ಲ ಗೊತ್ತಿತ್ತು. ಅದರ ಆಚೆ ಕೂರಲು ಅಪ್ಪನಿಗೆ ಮನಸ್ಸೇ ಬರುತ್ತಿರಲಿಲ್ಲ.

ಹೊಸ ಮನೆ ಚಿಕ್ಕದಾಯಿತು. ಕೆಳಗೆ ಕಾಕಾನವರು, ಮೇಲೆ ನಾವು. ಕಾಕುವಿನ ರೊಟ್ಟಿಗೆ ಅಂತ ಮೆಟ್ಟಿಲ ಕೆಳಗೆ ಒಂದು ಕಿಟಕಿ ಇಟ್ಟಿದ್ದೇವೆ. ಮೊದಲಿನಷ್ಟು ಗಿರಾಕಿ ಇಲ್ಲ. ರಸ್ತೆಯಿಂದ ಕಾಣುವುದಿಲ್ಲ ಅಂತಾರೆ. ನಿತ್ಯ ಬರುವವರು ಬರುತ್ತಾರೆ.

ನಕಾಶೆ ಪ್ರಕಾರ ಕಟ್ಟಿದ್ದರ ಬೆಲೆ ಗೊತ್ತಾದದ್ದು ಕೊನೆಗೆ. ನಮ್ಮ ಮನೆ ಗಿಲಾವಿನ (ಪ್ಲಾಸ್ಟರ್) ಹಂತದಲ್ಲಿದ್ದಾಗ, 2024ರ ಡಿಸೆಂಬರ್ 17ರಂದು, ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದ ಕಟ್ಟಡಗಳಿಗೆ ಕರೆಂಟ್, ನೀರಿನ ಸಂಪರ್ಕ ಕೊಡಬಾರದು ಅಂತ. ನಮ್ಮದು ಗೆರೆ ದಾಟಿರಲಿಲ್ಲ. ಪ್ರಮಾಣಪತ್ರ ಬಂತು, ಮೀಟರ್ ಕೂತಿತು. ಅದೇ ಹೊತ್ತಿಗೆ ಎರಡು ಓಣಿ ಆಚೆ ಗೌಂಡಿಯ ಮಾತು ಕೇಳಿ ಕಟ್ಟಿದ ಒಂದು ಮನೆಯವರು ತಿಂಗಳುಗಟ್ಟಲೆ ತಾತ್ಕಾಲಿಕ ಕರೆಂಟಿನ ಮೇಲೆ ಜಾಸ್ತಿ ದುಡ್ಡು ಕಟ್ಟಿಕೊಂಡು ಇದ್ದರು. ಅವರನ್ನು ನೋಡಿ ನನಗೆ ಸಂತೋಷ ಆಗಲಿಲ್ಲ. ಅವರ ಮನೆಯ ಮುಂದೆಯೂ ಅಂಥದ್ದೇ ಒಂದು ಗೆರೆ ಇದೆ. ಅವರಿಗೂ ಯಾರೂ ಮೊದಲೇ ಹೇಳಿರಲಿಲ್ಲ.

ಬಿಟ್ಟ 11 ಅಡಿ ಈಗ ಹಾಗೇ ಇದೆ. ಉತಾರದಲ್ಲಿ ಅದು ಇನ್ನೂ ನಮ್ಮದೇ. ಅವ್ವ ಅಲ್ಲಿ ದಾಸವಾಳ, ಕರಿಬೇವು ಹಚ್ಚಿದ್ದಾಳೆ. ಹಳೇ ಕಟ್ಟೆಯ ಕಲ್ಲುಗಳನ್ನು ಗಾರೆ, ಸಿಮೆಂಟ್ ಏನೂ ಹಾಕದೆ ಒಂದರ ಮೇಲೊಂದು ಜೋಡಿಸಿ ಇಟ್ಟಿದ್ದೇವೆ. ರಸ್ತೆಯವರು ಬಂದ ದಿನ ಎತ್ತಿ ಒಳಗೆ ಇಟ್ಟುಕೊಳ್ಳಬಹುದು. ಸಂಜೆ ಅಪ್ಪ ಅಲ್ಲೇ ಕೂರುತ್ತಾರೆ. ಓಣಿಯ ನಾಲ್ಕು ಜನ ಬರುತ್ತಾರೆ.

ಅಲ್ಲಿ ಕೂತು ಕೂತು ಒಂದು ಕೆಲಸ ಶುರುವಾಗಿದೆ. 40 ಅಡಿಯ ಬದಲು 30 ಅಡಿ ಸಾಕಲ್ಲ ಅಂತ ಲೆಕ್ಕ ಹಾಕಿದೆವು. ಆಂಬುಲೆನ್ಸ್ ಬರುತ್ತದೆ, ಬೆಂಕಿ ಆರಿಸುವ ಗಾಡಿಯೂ ಬರುತ್ತದೆ. ಒಂದೊಂದು ಮನೆಯ ಕಡೆಯಿಂದ 11ರ ಬದಲು 6 ಅಡಿ ಹೋಗುತ್ತದೆ. ನಮ್ಮ ಹಳೇ ಮನೆಯ ಲೆಕ್ಕದಲ್ಲಿ ಕಟ್ಟೆ ಮತ್ತು ಗೋಡೆ ಮಾತ್ರ ಹೋಗಿ ಪಡಸಾಲೆ ಪೂರ್ತಿ ಉಳಿಯುತ್ತಿತ್ತು. ನಮಗೆ ಅದರಿಂದ ಈಗ ಪ್ರಯೋಜನ ಇಲ್ಲ. ಆದರೆ ಓಣಿಯಲ್ಲಿ ಇನ್ನೂ ಹದಿನೆಂಟು ಹಳೇ ಮನೆಗಳಿವೆ. ಒಂದು ಮನವಿ ಬರೆದಿದ್ದೇವೆ. ಜೊತೆಗೆ ಪ್ರತಿ ಮನೆಯ ಮುಂಭಾಗದ ಅಳತೆ. ಪರಿಷ್ಕರಣೆಯ ಕರಡು ಹೊರಬಿದ್ದ ದಿನವೇ, 60 ದಿನ ಕಾಯದೆ, ಮೊದಲ ವಾರದಲ್ಲೇ ಕೊಡಬೇಕು ಅಂತ. ಈಗಲೇ ಒಂದು ಪ್ರತಿಯನ್ನು ಟಪಾಲಿಗೆ ಹಾಕಿ ಸಿಕ್ಕಾ ತಂದಿದ್ದೇನೆ. ಪೇಪರಿನ ಪ್ರಕಟಣೆ ನೋಡುವ ಕೆಲಸ ಕಾಕಾನದು. ಗ್ರಂಥಾಲಯಕ್ಕೆ ಹೋಗಿ ದಿನಾ ನೋಡುತ್ತಾರೆ.

ಹೋದ ಭಾನುವಾರದ ಹೊತ್ತಿಗೆ ಹದಿನಾಲ್ಕು ಮನೆಯವರ ಸಹಿ ಆಗಿತ್ತು. ಹದಿನೈದನೆಯದು ಮೂಲೆ ಮನೆಯ ಆಯಿಯದು. ಒಬ್ಬರೇ ಇದ್ದಾರೆ. ಶಾಯಿ ಪ್ಯಾಡು ಮುಂದೆ ಇಟ್ಟೆ. ಅವರು ಹೆಬ್ಬೆರಳು ಮುಂದೆ ಚಾಚಿದವರು ಹಾಗೇ ಹಿಂದೆ ತೆಗೆದುಕೊಂಡರು.

“ಮೊದಲ ನನ್ನ ಮನಿದು ಎಲ್ಲೀತನಕ ಹೋಗ್ತದ ತೋರಸು. ಆಮ್ಯಾಲ ಒತ್ತತೀನಿ,” ಅಂದರು.

ಟೇಪು ತರಲು ಮನೆಗೆ ಹೋದೆ.